ನೆಗಡಿಗೆ ಮೂಗೇಕೆ ಕೊಡಬೇಕು?

‘ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರಂತೆ.’ ಒಂದು ಮಾತಿಗೆ ಮುನಿದು ನೆಂಟಸ್ತಿಕೆಯನ್ನೇ ಕಡಿದುಕೊಳ್ಳುವವರಿಗೆ, ಒಂದು ಬೆಳೆ ಕೈಕೊಟ್ಟಿತೆಂದು ಹೊಲವನ್ನೇ ಮಾರಲು ಹೊರಟವರಿಗೆ ಹಿರಿಯರು ಹೇಳುತ್ತ ಬಂದ ಗಾದೆ ಇದು. ಗಾದೆ ಮಾಡಿದವರು ಉದಾಹರಣೆಗೆ ಆಯ್ದುಕೊಂಡದ್ದು ಮಾತ್ರ ಒಂದು ಕಾಯಿಲೆಯನ್ನು. ಅದೂ ಬಂದು ಹೋಗುವ, ಹೋಗಿ ಮತ್ತೆ ಬರುವ ಕಾಯಿಲೆಯನ್ನು. ವರ್ಷಗಟ್ಟಲೆ ತಲೆನೋವಿನೊಂದಿಗೆ ಬಾಳುತ್ತಿರುವವರಿಗೆ ಈ ಮಾತು ನೇರವಾಗಿ ಸಲ್ಲುವುದು ಅದಕ್ಕೇ.

ತಲೆನೋವನ್ನು ನೆಗಡಿಯಷ್ಟು ಸಣ್ಣದೆಂದು ಯಾರೂ ತಿಳಿಯಬಾರದು. ಅರೆತಲೆನೋವು, ಅಂದರೆ ಮೈಗ್ರೇನ್, ಮದ್ದಿಲ್ಲದೆ ಬಿಟ್ಟರೆ 4 ಗಂಟೆಯಿಂದ 72 ಗಂಟೆಯವರೆಗೂ ಕಾಡಬಹುದು. ಒಗ್ಗರಣೆಯ ಘಾಟು, ಟ್ಯೂಬ್‌ಲೈಟಿನ ಬೆಳಕು, ಸಿಂಕಿಗೆ ಬಿದ್ದ ಸ್ಟೀಲ್ ತಟ್ಟೆಯ ಸದ್ದು ಯಾವುದನ್ನೂ ತಾಳಲಾಗುವುದಿಲ್ಲ. ಹೊಟ್ಟೆ ತೊಳಸುತ್ತದೆ. ಹಣೆಗೆ ಬಟ್ಟೆ ಬಿಗಿದು, ಕಿಟಕಿ ಮುಚ್ಚಿ ಮಲಗುವುದೊಂದೇ ದಾರಿ. ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ 2,329 ಜನರನ್ನು ಮಾತಾಡಿಸಿ ನಡೆಸಿದ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 25 ಮಂದಿಗೆ ಮೈಗ್ರೇನ್ ಇರುವುದು ಕಂಡಿತು. ಅಷ್ಟು ಜನ ನಮ್ಮ ನಡುವೆಯೇ ಇದ್ದಾರೆ. ಅವರಲ್ಲಿ ಹೆಂಗಸರೇ ಹೆಚ್ಚು. ‘ಬರೀ ತಲೆನೋವು ತಾನೇ’ ಎನ್ನುವ ಮಾತನ್ನು ಕೇಳಿ ಕೇಳಿ ಸುಮ್ಮನಾದವರೂ ಅವರೇ.

ಇನ್ನು ಮೂಗು ಕೊಯ್ದುಕೊಳ್ಳುವ ಸಂಗತಿ. ಇದರ ಮೊದಲ ಬಗೆ ಮಾತ್ರೆಯದು. ಮೆಡಿಕಲ್ ಶಾಪಿನಲ್ಲಿ ಕೇಳಿದೊಡನೆ ಸಿಗುವ ನೋವಿನ ಮಾತ್ರೆಯನ್ನು ವ್ಯಾನಿಟಿ ಬ್ಯಾಗಿನಲ್ಲೊಂದು, ಅಡುಗೆಮನೆಯ ಡಬ್ಬದಲ್ಲೊಂದು ಇಟ್ಟುಕೊಂಡು, ನೋವು ಬರುವ ಸುಳಿವು ಸಿಕ್ಕಿದರೂ ನುಂಗುವವರಿದ್ದಾರೆ. ಪ್ಯಾರಾಸಿಟಮಾಲ್‌ನಂಥ ಸಾದಾ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕೂ ಹೆಚ್ಚು, ಮೈಗ್ರೇನಿಗೆಂದೇ ಕೊಡುವ ಟ್ರಿಪ್ಟಾನ್ ಮಾತ್ರೆ ಇಲ್ಲವೆ ಎರಡು ಮೂರು ಮದ್ದು ಬೆರೆತ ಮಾತ್ರೆಯನ್ನು 10 ದಿನ ಅಥವಾ ಅದಕ್ಕೂ ಹೆಚ್ಚು ತಿಂಗಳುಗಟ್ಟಲೆ ತೆಗೆದುಕೊಂಡರೆ ಆ ಮಾತ್ರೆಯೇ ತಲೆನೋವನ್ನು ತರಬಹುದು. ಆಗೊಮ್ಮೆ ಈಗೊಮ್ಮೆ ಬರುತ್ತಿದ್ದ ನೋವು ದಿನನಿತ್ಯದ್ದಾಗುತ್ತದೆ. ನೋವಿಲ್ಲದೆ ಉಳಿದಿದ್ದ ದಿನಗಳನ್ನು ನಾವೇ ಕೈಯಾರೆ ಕಳೆದುಕೊಂಡಂತಾಗುತ್ತದೆ.

ಎರಡನೆಯ ಬಗೆ ಹೊರಗೆ ಕಾಣುವುದಿಲ್ಲ. ಮದುವೆಗೆ ಕರೆದರೆ ‘ಅವತ್ತು ತಲೆನೋವು ಬಂದರೆ?’ ಎಂದು ಒಲ್ಲೆ ಎನ್ನುವುದು, ಪ್ರವಾಸ ಬಿಡುವುದು, ಸಂಗೀತ ಕಛೇರಿ ಬಿಡುವುದು, ಕೊನೆಗೆ ಗೆಳತಿಯರಿಗೆ ಫೋನ್ ಮಾಡುವುದನ್ನೂ ಬಿಡುವುದು. ನೋವು ಬಂದ ದಿನ ಹೇಗೂ ನೋವಿನ ಪಾಲಾಯಿತು. ಬಾರದ ದಿನವನ್ನೂ ಅದರ ಭಯಕ್ಕೆ ಒಪ್ಪಿಸಿಬಿಟ್ಟರೆ ನಮಗೆ ಉಳಿಯುವುದೇನು?

ಮೂರನೆಯದು ಮನೆ ನಡೆಸುವ ಹೆಂಗಸರು ಚೆನ್ನಾಗಿ ಬಲ್ಲದ್ದು. ನೋವು ಬಿಟ್ಟ ದಿನವೇ ರಾಶಿ ಬಿದ್ದ ಬಟ್ಟೆ, ಮುಗಿಯದ ಆಫೀಸಿನ ಕೆಲಸ, ಹೋಗಬೇಕಿದ್ದ ಬ್ಯಾಂಕು ಎಲ್ಲವನ್ನೂ ಒಟ್ಟಿಗೆ ತೀರಿಸಲು ಹೊರಡುತ್ತಾರೆ. ಹೊತ್ತಿಗೆ ಸರಿಯಾಗಿ ಊಟವಿಲ್ಲ, ರಾತ್ರಿ ನಿದ್ದೆಯಿಲ್ಲ. ಮೈಗ್ರೇನನ್ನು ಕೆರಳಿಸುವವು ಇವೇ. ಒಂದು ಒಳ್ಳೆಯ ದಿನವನ್ನು ದುಡಿದು ಸವೆಸಿ, ಮರುದಿನ ಮತ್ತೆ ಹಾಸಿಗೆ ಹಿಡಿಯುತ್ತಾರೆ.

ನೋವು ಇಳಿದ ಹೊತ್ತಿನಲ್ಲಿ ಏನೇನಿರುತ್ತದೆ ಎಂದು ಒಮ್ಮೆ ನಿಂತು ನೋಡಬೇಕು. ಮೈಗಿನ್ನೂ ಸುಸ್ತು, ಕತ್ತು ಬಿಗಿ. ಆದರೂ ಬಿಸಿ ಅನ್ನ, ತಿಳಿಸಾರು ರುಚಿಸುತ್ತದೆ. ಬಗ್ಗಿ ಚಪ್ಪಲಿಯ ಪಟ್ಟಿ ಹಾಕಿಕೊಂಡರೆ ಹಣೆ ಸಿಡಿಯುವುದಿಲ್ಲ. ಪಕ್ಕದ ಮನೆಯ ಮಗು ಕಿರುಚಿದರೆ ನಗು ಬರುತ್ತದೆ. ಸದಾ ಆರೋಗ್ಯವಾಗಿರುವವರಿಗೆ ಇದು ಸಂತೋಷವೆಂದೇ ತೋಚುವುದಿಲ್ಲ. ನಿನ್ನೆ ಕತ್ತಲೆ ಕೋಣೆಯಲ್ಲಿ ಮಲಗಿದ್ದವರಿಗೆ ಇದು ಕೈಗೆ ಬಂದ ಸಂಪತ್ತು. ಗಾದೆ ಕಾಪಾಡಿಕೋ ಎನ್ನುವ ಮೂಗು ನನ್ನ ಮಟ್ಟಿಗೆ ಇದೇ. ನೋವಿಲ್ಲದ ಈ ಹೊತ್ತು ಮುಂದಿನ ನೋವಿಗಾಗಿ ಕಾಯುವ ಹೊತ್ತಲ್ಲ, ಬಾಳುವ ಹೊತ್ತು.

ಹಾಗೆಂದು ನೋವನ್ನು ಸಹಿಸಿಕೊಂಡೇ ಇರಿ ಎಂದು ಗಾದೆ ಹೇಳುತ್ತಿಲ್ಲ. ನೆಗಡಿಗೆ ನೆಗಡಿಯ ಮದ್ದನ್ನೇ ಮಾಡು ಎನ್ನುತ್ತದೆ. ಈಗ ಮದ್ದೂ ಇದೆ. ತಿಂಗಳಲ್ಲಿ ಹಲವು ಸಲ ನೋವು ಬರುವವರಿಗೆ ಅದು ಬಾರದಂತೆ ತಡೆಯಲು ವೈದ್ಯರು ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್‌ನಂಥ ಔಷಧಿ ಕೊಡುತ್ತಾರೆ. ಮೈಗ್ರೇನಿನಲ್ಲಿ ಸಿಜಿಆರ್‌ಪಿ ಎಂಬ ಅಣುವಿನ ಪಾತ್ರವನ್ನು ಹುಡುಕಿ ಹೊಸ ಔಷಧಿಗಳಿಗೆ ದಾರಿ ಮಾಡಿದ ನಾಲ್ವರು ವಿಜ್ಞಾನಿಗಳಿಗೆ 2021ರಲ್ಲಿ ‘ಬ್ರೇನ್ ಪ್ರೈಜ್’ ಸಂದಿತು. ತಲೆನೋವು ಒಮ್ಮೆಲೇ ಸಿಡಿಲಿನಂತೆ ಎರಗಿದರೆ, ಜ್ವರದ ಜತೆ ಕತ್ತು ಸೆಟೆದರೆ, ಮಾತು ತೊದಲಿದರೆ ಅಥವಾ ಕೈಕಾಲಿನ ಬಲ ಕುಂದಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ತಲೆನೋವಿರುವವರಲ್ಲಿ ನನ್ನದೊಂದು ಕೋರಿಕೆ. ನೋವು ಬಂದ ದಿನ, ನುಂಗಿದ ಮಾತ್ರೆ ಎಲ್ಲವನ್ನೂ ಕ್ಯಾಲೆಂಡರಿನಲ್ಲಿ ಗುರುತು ಮಾಡಿ ವೈದ್ಯರಿಗೆ ತೋರಿಸಿ. ನೋವಿಲ್ಲದ ದಿನಗಳಿಗೂ ಒಂದು ಗುರುತು ಹಾಕಿ, ಅವನ್ನು ನಿಮಗಾಗಿ ಇಟ್ಟುಕೊಳ್ಳಿ. ಕರೆದ ಮದುವೆಗೆ ಹೋಗಿ. ನೋವು ಶುರುವಾದರೆ ಎದ್ದು ಬನ್ನಿ. ಮನೆಯವರೇ, ಅವರು ಹಾಗೆ ಎದ್ದು ಬಂದ ದಿನ ಏಕೆ ಏನು ಎಂದು ಕೇಳಬೇಡಿ. ಕೋಣೆಯ ದೀಪ ಆರಿಸಿ, ಅಂದಿನ ಅಡುಗೆ ನೀವು ಮಾಡಿ.