ಸಮೀಪದಲ್ಲಿರುವವರ ಧರ್ಮ

ಚಾತುರ್ಮಾಸ್ಯದ ಪ್ರವಚನಮಾಲಿಕೆಯ ಮಂಗಳದಂದು ನಮ್ಮಲ್ಲಿ ಹಿರಿಯರನ್ನು ಸನ್ಮಾನಿಸುವ ಪದ್ಧತಿಯಿರುವುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಶಾಲು, ಫಲತಾಂಬೂಲ, ಶ್ರೀದೇವರ ಪ್ರಸಾದ, ನಾಲ್ಕು ಒಳ್ಳೆಯ ಮಾತುಗಳು. ಕಳೆದ ಬಾರಿ ಸನ್ಮಾನಿತರಾದವರಲ್ಲಿ ಎಂಬತ್ತಮೂರು ವಯಸ್ಸಿನ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರಿದ್ದರು. ಸಭೆ ಮುಗಿದು ಊಟದ ಪಂಕ್ತಿಗಾಗಿ ಕಾಯುತ್ತಿರುವಾಗ ಅವರು ಹೆಗಲ ಮೇಲಿನ ಶಾಲನ್ನು ಮಡಿಸುತ್ತ, "ಮನೆಯಲ್ಲಿ ಇದು ಒಂಬತ್ತನೆಯದು ಮಾರಾಯ್ರೇ. ಶಾಲು ಬೇಕಾದಷ್ಟು ಉಂಟು, ಕೆಲಸ ಮಾತ್ರ ಯಾರೂ ಹೇಳುವುದಿಲ್ಲ" ಎಂದರು. ನಗುತ್ತಲೇ ಹೇಳಿದರು, ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೆ ಅದು ನಗೆಯ ಮಾತಾಗಿ ಉಳಿಯಲಿಲ್ಲ.

ಅದಕ್ಕೆ ಕಾರಣವೂ ಉಂಟು. ನನ್ನ ದೊಡ್ಡಮ್ಮನವರು ಬಿಜೈಯ ಒಂದು ಫ್ಲ್ಯಾಟಿನ ಮೂರನೆಯ ಮಾಳಿಗೆಯಲ್ಲಿ ಒಬ್ಬರೇ ಇದ್ದರು. ಒಬ್ಬನೇ ಮಗ ಅಮೆರಿಕದಲ್ಲಿ. ಅವನು ಕರೆಯದೆ ಇರಲಿಲ್ಲ. ಇವರು ಹೋಗಿ ಆರು ತಿಂಗಳಿದ್ದು, ಅಲ್ಲಿಯ ಚಳಿಯೂ ನಿಶ್ಶಬ್ದವೂ ಒಗ್ಗದೆ ಹಿಂದಿರುಗಿ ಬಂದಿದ್ದರು. ನನ್ನ ಮನೆ ಅವರ ಮನೆಯಿಂದ ಎರಡು ಫರ್ಲಾಂಗು ದೂರ. ಆಷಾಢದ ಒಂದು ಏಕಾದಶಿ, ಬಿಡದೆ ಸುರಿಯುವ ಮಳೆ. ಅಂದು ಸಾಯಂಕಾಲ ಅವರು ಬಚ್ಚಲುಮನೆಯಲ್ಲಿ ಜಾರಿ ಬಿದ್ದರು. ಉಪವಾಸದ ದಿನವಾದ್ದರಿಂದ ಅಡುಗೆಮನೆಯಲ್ಲಿ ಸದ್ದಿಲ್ಲದಿರುವುದು ನೆರೆಮನೆಯವರಿಗೆ ಅಸಹಜವೆನಿಸಲಿಲ್ಲ. ಅದೇ ಸಾಯಂಕಾಲ ನಾನು ಕೊಡೆ ಹಿಡಿದು ಆ ಕಟ್ಟಡದ ಎದುರಿನ ರಸ್ತೆಯಲ್ಲೇ ಪ್ರವಚನಕ್ಕೆ ಹೋದೆ, ಅದೇ ದಾರಿಯಲ್ಲಿ ಹಿಂದಿರುಗಿದೆ. ದ್ವಾದಶಿಯ ಬೆಳಗ್ಗೆ ಐದು ಗಂಟೆಗೆ ಅಮೆರಿಕದಿಂದ ಮಗನ ಫೋನು ಬಂತು: "ಅಣ್ಣಾ, ಅಮ್ಮ ಫೋನು ತೆಗೆಯುವುದಿಲ್ಲ. ಪಾರಣೆಗೆ ಏಳದೆ ಇರುವವರಲ್ಲ, ಒಮ್ಮೆ ಹೋಗಿ ನೋಡಬಹುದಾ?" ಬಾಗಿಲಿಗೆ ಒಳಗಿನಿಂದ ಚಿಲಕ. ಬಾಗಿಲು ಒಡೆದು ಒಳಹೊಕ್ಕಾಗ ಅವರಿಗೆ ಪ್ರಜ್ಞೆಯಿತ್ತು. ಸೊಂಟದ ಮೂಳೆ ಮುರಿದಿತ್ತು. ಅವರ ಬಾಯಿಂದ ಬಂದ ಮೊದಲ ಮಾತು, "ನಿನಗೆ ಪಾರಣೆಯ ಹೊತ್ತಿಗೆ ತೊಂದರೆ ಕೊಟ್ಟೆ ಮಗಾ" ಎಂದು.

ಆ ಬಳಿಕ ಹನ್ನೊಂದು ತಿಂಗಳು ಹಾಸಿಗೆಯಲ್ಲಿದ್ದು ಅವರು ಹರಿಪಾದವನ್ನು ಸೇರಿದರು. ವೈಕುಂಠ ಸಮಾರಾಧನೆಯ ದಿನ ಪಂಕ್ತಿಯಲ್ಲಿ ಕುಳಿತವರು, "ಮಗ ಅಮೆರಿಕದಲ್ಲಿ, ತಾಯಿ ಇಲ್ಲಿ ಅನಾಥೆ, ಕಲಿಕಾಲ" ಎಂದು ಮಾತಾಡಿಕೊಂಡರು. ಆ ಮಾತನ್ನು ಕೇಳಿಯೂ ನಾನು ಸುಮ್ಮನಿದ್ದೆ. ಎಂಟು ಸಾವಿರ ಮೈಲು ದೂರದಲ್ಲಿದ್ದವನಿಗೆ ಅನುಮಾನ ಬಂದಿತ್ತು, ಎರಡು ಫರ್ಲಾಂಗು ದೂರದಲ್ಲಿದ್ದವನಿಗೆ ಬಂದಿರಲಿಲ್ಲ. ಇದನ್ನು ಅಂದು ಹೇಳಬೇಕಾಗಿತ್ತು, ಹೇಳಲಿಲ್ಲ.

ವೃದ್ಧರ ಸೇವೆ ಯಾರ ಧರ್ಮ ಎಂಬ ಪ್ರಶ್ನೆಗೆ ನಾವೆಲ್ಲ ಕೊಡುವ ಸಿದ್ಧ ಉತ್ತರ 'ಮಕ್ಕಳದು' ಎಂಬುದಾಗಿದೆ. ಅದು ತಪ್ಪಲ್ಲ. ಪಿತೃಋಣವನ್ನು ಬೇರೊಬ್ಬನು ತೀರಿಸಲಾರ. ಆದರೆ ಶಾಸ್ತ್ರಗಳು ಗೃಹಸ್ಥನಿಗೆ ವಿಧಿಸಿದ ಮಹಾಯಜ್ಞಗಳು ಐದು. ಅವುಗಳಲ್ಲಿ ಪಿತೃಯಜ್ಞವು ಒಂದಾದರೆ ಮನುಷ್ಯಯಜ್ಞವು ಮತ್ತೊಂದು. ಬಾಗಿಲಿಗೆ ಬಂದವನ, ಕಣ್ಣಿಗೆ ಬಿದ್ದವನ ಹಸಿವನ್ನೂ ಅಗತ್ಯವನ್ನೂ ನೋಡಿಕೊಳ್ಳುವುದೇ ಮನುಷ್ಯಯಜ್ಞ. ಅಲ್ಲಿ ಕುಲಗೋತ್ರದ ಸಂಬಂಧವಿಲ್ಲ, ಸಾಮೀಪ್ಯವೊಂದೇ ಸಂಬಂಧ. ಇನ್ನೊಂದು ಸಂಗತಿಯನ್ನು ನಾವು ಅಷ್ಟಾಗಿ ಲಕ್ಷಿಸುವುದಿಲ್ಲ. ಈ ಐದೂ ನಿತ್ಯಕರ್ಮಗಳು, ವರ್ಷಕ್ಕೊಮ್ಮೆ ವೇದಿಕೆ ಕಟ್ಟಿ ಆಚರಿಸುವ ನೈಮಿತ್ತಿಕಗಳಲ್ಲ. ನಮ್ಮ ಸನ್ಮಾನ ಸಮಾರಂಭಗಳನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಿದರೆ ಉತ್ತರ ಅಷ್ಟು ಹಿತಕರವಾಗಿರದು.

ದೂರ ಹೋದ ಮಕ್ಕಳನ್ನು ದೂರುವ ಮೊದಲು ಅವರನ್ನು ಕಳುಹಿಸಿದವರು ಯಾರೆಂಬುದನ್ನೂ ನೆನೆಯಬೇಕು. ಮುಂಬಯಿಯ ಹೋಟೆಲುಗಳಿಗೆ ನಮ್ಮ ಹುಡುಗರನ್ನು ಕಳುಹಿಸಿದ ಜಿಲ್ಲೆಯಿದು. ಕೆನರಾ ಬ್ಯಾಂಕ್ ಹುಟ್ಟಿದ್ದು 1906ರಲ್ಲಿ, ಇದೇ ಮಂಗಳೂರಿನಲ್ಲಿ. ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕ್, 1924ರಲ್ಲಿ ಇಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್, 1931ರಲ್ಲಿ ಮಂಗಳೂರಿನಲ್ಲಿಯೇ ವಿಜಯಾ ಬ್ಯಾಂಕ್. ಈ ಬ್ಯಾಂಕುಗಳು ನಮ್ಮ ಮನೆಗಳ ಹುಡುಗರನ್ನು ದೇಶದ ಮೂಲೆಮೂಲೆಗೂ ವರ್ಗ ಮಾಡಿದಾಗ ನಾವು ಹೆಮ್ಮೆಪಟ್ಟೆವು. ಅವರು ನಿವೃತ್ತರಾಗಿ ಊರಿಗೆ ಮರಳುವ ಹೊತ್ತಿಗೆ ಅವರ ಮಕ್ಕಳು ಸುರತ್ಕಲ್ಲಿನಲ್ಲಿಯೋ ಮಣಿಪಾಲದಲ್ಲಿಯೋ ಓದಿ ಸಮುದ್ರ ದಾಟಿದ್ದರು, ಆಗಲೂ ಹೆಮ್ಮೆಪಟ್ಟೆವು. (2019 ಮತ್ತು 2020ರ ವಿಲೀನಗಳಲ್ಲಿ ವಿಜಯಾ, ಸಿಂಡಿಕೇಟ್, ಕಾರ್ಪೊರೇಶನ್ ಎಂಬ ಹೆಸರುಗಳೇ ಅಳಿದುವು. ಆ ಪಿಂಚಣಿದಾರರ ಮುಂದೆ ಈ ಪ್ರಸ್ತಾಪವನ್ನು ಜಾಗ್ರತೆಯಿಂದ ಎತ್ತಬೇಕು.) ಫಲವನ್ನು ಬಯಸಿ ಬೀಜ ಬಿತ್ತಿದವರು ನೆರಳಿಲ್ಲವೆಂದು ಮರವನ್ನು ಬೈಯುವುದು ಎಷ್ಟು ನ್ಯಾಯ?

ಸರಕಾರವು ತನ್ನ ಪಾಲಿನದನ್ನು ಸ್ವಲ್ಪಮಟ್ಟಿಗೆ ಮಾಡಿದೆ. 2011ರ ಜನಗಣತಿಯಂತೆ ದೇಶದಲ್ಲಿ ಅರುವತ್ತು ದಾಟಿದವರು 10 ಕೋಟಿಗಿಂತಲೂ ಹೆಚ್ಚು. ಕರ್ನಾಟಕದಲ್ಲಿ ನೂರಕ್ಕೆ ಒಂಬತ್ತಕ್ಕಿಂತ ಅಧಿಕ. ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣದ ಕಾಯಿದೆಯು 2007ರಲ್ಲಿ ಬಂತು. ಅದರಂತೆ ನಿರ್ಲಕ್ಷಿತರಾದ ಹಿರಿಯರು ನ್ಯಾಯಮಂಡಳಿಗೆ ಅರ್ಜಿ ಕೊಟ್ಟು ಜೀವನಾಂಶವನ್ನು ಕೇಳಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಷರತ್ತು ಮುರಿದಾಗ ರದ್ದುಪಡಿಸಲು 23ನೆಯ ಕಲಮಿನಲ್ಲಿ ಅವಕಾಶವಿದೆ. ದಾನಪತ್ರಕ್ಕೆ ಕೈ ಹಾಕುವ ಮೊದಲು ಪ್ರತಿಯೊಬ್ಬ ಹಿರಿಯರೂ ಇದನ್ನು ತಿಳಿದಿರಬೇಕು, ಆ ಷರತ್ತನ್ನು ಪತ್ರದಲ್ಲಿಯೇ ಬರೆಸಬೇಕು. ಸಹಾಯವಾಣಿಯ ಸಂಖ್ಯೆ 14567; ಕರೆಗೆ ಖರ್ಚಿಲ್ಲ. ಆದರೆ ಯಾವ ಕಾಯಿದೆಯೂ ಮಳೆಗಾಲದ ಸಂಜೆ ಮೂರನೆಯ ಮಾಳಿಗೆಗೆ ಹತ್ತಿಹೋಗಿ ಬಾಗಿಲು ತಟ್ಟಲಾರದು.

ವೃದ್ಧಾಶ್ರಮವೆಂದೊಡನೆ ಮೂಗು ಮುರಿಯುವವರು ನಮ್ಮಲ್ಲಿ ಬಹಳ. ನಾನು ಅವರೊಡನೆ ಸೇರಲಾರೆ. ಜೆಪ್ಪುವಿನ ಸಂತ ಅಂತೋನಿ ಆಶ್ರಮವು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೂ ದಿಕ್ಕಿಲ್ಲದವರಿಗೆ ಆಶ್ರಯ ಕೊಡುತ್ತ ಬಂದಿದೆ. ಅನ್ಯಮತೀಯರ ಸಂಸ್ಥೆಯೆಂದು ಅದರ ಸೇವೆಯನ್ನು ಕಡಿಮೆ ಎನ್ನಲಾದೀತೇ? ಹಾಸಿಗೆ ಹಿಡಿದವರನ್ನು ತಿಂಗಳುಗಟ್ಟಲೆ ನೋಡಿಕೊಳ್ಳುವುದು ಪಳಗಿದ ಕೈಗಳು ಬೇಡುವ ಕೆಲಸ, ಬರಿಯ ಮಮತೆಯಿಂದ ಆಗದು. ನನ್ನ ದೊಡ್ಡಮ್ಮನವರ ಆ ಹನ್ನೊಂದು ತಿಂಗಳಲ್ಲಿ ಇದು ನನಗೆ ಚೆನ್ನಾಗಿ ಮನವರಿಕೆಯಾಯಿತು. ನನ್ನ ಆಕ್ಷೇಪವಿರುವುದು ಬೇರೆಡೆ. ಇನ್ನೂ ನಡೆದಾಡುವ, ಓದಬಲ್ಲ, ಲೆಕ್ಕ ಹಾಕಬಲ್ಲ ಹಿರಿಯರನ್ನು ಅವರ ಮನೆಯಲ್ಲಿಯೇ ನಾವು ನಿರುಪಯುಕ್ತರನ್ನಾಗಿ ಮಾಡುತ್ತೇವೆ. ಅದರ ಮೇಲೊಂದು ಶಾಲು ಹೊದಿಸುತ್ತೇವೆ.

ಮಹಾಭಾರತದ ಆಶ್ರಮವಾಸಿಕ ಪರ್ವವು ಇಲ್ಲಿ ಸ್ಮರಣೀಯವಾಗಿದೆ. ಯುದ್ಧಾನಂತರ ಮಕ್ಕಳನ್ನೆಲ್ಲ ಕಳೆದುಕೊಂಡ ಧೃತರಾಷ್ಟ್ರನು ಹದಿನೈದು ವರ್ಷ ಧರ್ಮರಾಜನ ಆಶ್ರಯದಲ್ಲಿದ್ದನು. ಉತ್ತಮವಾದ ಶಯ್ಯೆ, ವಸ್ತ್ರ, ಭೋಜನಗಳಿಗೆ ಕೊರತೆಯಿರಲಿಲ್ಲ. ಆದರೆ ನನ್ನ ಮನಸ್ಸನ್ನು ಹಿಡಿದದ್ದು ಅದಲ್ಲ. ರಾಜಕಾರ್ಯಗಳಲ್ಲಿ ಧರ್ಮರಾಜನು ಆ ವೃದ್ಧನನ್ನು ಕೇಳಿ ನಡೆಯುತ್ತಿದ್ದನು. ಬ್ರಾಹ್ಮಣರಿಗೆ ಅಗ್ರಹಾರಗಳನ್ನು ಧೃತರಾಷ್ಟ್ರನೇ ಕೊಟ್ಟರೆ ಅದಕ್ಕೆ ಸಮ್ಮತಿಯಿತ್ತು. ಸೆರೆಯಲ್ಲಿದ್ದವರನ್ನು ಅವನು ಬಿಡಿಸಿದರೆ, ವಧೆಗೆ ಗುರಿಯಾದವರನ್ನು ಕ್ಷಮಿಸಿದರೆ ಧರ್ಮರಾಜನು ಒಂದು ಮಾತನ್ನೂ ಆಡುತ್ತಿರಲಿಲ್ಲ. ಯಾರಿಗೆ ಇಂಥ ಅಧಿಕಾರ? ತನ್ನನ್ನು ಕಾಡಿಗಟ್ಟಿದವನಿಗೆ! (ಭೀಮಸೇನದೇವರ ಕಟುವಾಕ್ಯಗಳ ಪ್ರಶ್ನೆಯನ್ನು ಕೆಲವರು ಎತ್ತುವರು. ವೃದ್ಧರಾಜನಲ್ಲಿ ವೈರಾಗ್ಯ ಹುಟ್ಟಿಸುವುದೇ ಅದರ ಉದ್ದೇಶವೆಂದು ನಮ್ಮ ವಿದ್ವಾಂಸರು ನಿರ್ಣಯಿಸುತ್ತಾರೆ. ಆ ಚರ್ಚೆಯನ್ನು ಪ್ರವಚನಕಾರರಿಗೆ ಬಿಡುತ್ತೇನೆ.) ಅನ್ನವನ್ನು ಕೊಡುವುದು ಸುಲಭ; ತೀರ್ಮಾನಿಸುವ ಅಧಿಕಾರದ ಒಂದು ಪಾಲನ್ನು ಕೊಡುವುದು ಕಷ್ಟ. ಧರ್ಮರಾಜನು ಎರಡನೆಯದನ್ನು ಮಾಡಿದನು. ನಮ್ಮ ಮನೆಗಳಲ್ಲಿ ಟಿ.ವಿ.ಯ ಚಾನೆಲನ್ನು ಆರಿಸುವ ಅಧಿಕಾರವನ್ನಾದರೂ ಹಿರಿಯರಿಗೆ ಬಿಟ್ಟಿದ್ದೇವೆಯೇ ಎಂಬುದು ಸಂಶಯ.

ಇನ್ನು ಹಿರಿಯರ ಕಡೆಯ ಮಾತು. "ಯಾರಿಗೂ ಭಾರವಾಗಬಾರದು" ಎಂಬುದು ನಮ್ಮ ಮನೆಗಳ ಹಿರಿಯರ ನಿತ್ಯದ ಪ್ರಾರ್ಥನೆ. ಬಿದ್ದಲ್ಲಿಂದಲೇ ದೊಡ್ಡಮ್ಮನವರು ನನ್ನ ಕ್ಷಮೆ ಕೇಳಿದ್ದು ಈ ಭಾವದಿಂದಲೇ. ಆದರೆ ಶ್ರೀಮದಾಚಾರ್ಯರು ತತ್ತ್ವಸಂಖ್ಯಾನದ ಆರಂಭದಲ್ಲಿಯೇ ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರವೆಂದು ವಿಭಾಗಿಸಿ ಶ್ರೀಹರಿಯೊಬ್ಬನನ್ನೇ ಸ್ವತಂತ್ರನೆಂದು ಸಾರಿರುವಾಗ, ಮೂವತ್ತರ ಹರೆಯದಲ್ಲಿ ನಾವು ಸ್ವತಂತ್ರರಾಗಿದ್ದು ಎಂಬತ್ತರಲ್ಲಿ ಪರಾಧೀನರಾದೆವೆಂದು ತಿಳಿಯುವುದು ಸರಿಯೇ? ಹರಿಯ ಅಧೀನತೆಯೇ ಬೇರೆ, ನೆರೆಯವನ ಕೈಹಿಡಿದು ಮೆಟ್ಟಿಲಿಳಿಯುವುದೇ ಬೇರೆ ಎಂದು ಆಕ್ಷೇಪಿಸಬಹುದು. ಒಪ್ಪಿದೆ. ಆದರೂ ಸಂಬಳ ತರುವ ಕೈಗೆ ಯಾರ ಹಂಗೂ ಇಲ್ಲವೆಂಬ ಭ್ರಮೆಯೇ ಮುಂದೆ ನೆರವನ್ನು ಬೇಡಲು ನಾಚಿಕೆಯನ್ನು ಹುಟ್ಟಿಸುವುದು. ಆ ನಾಚಿಕೆಯಿಂದಲೇ ದೊಡ್ಡಮ್ಮನವರು ಬೀಗದ ಇನ್ನೊಂದು ಕೈಯನ್ನು ನನಗೆ ಕೊಟ್ಟಿರಲಿಲ್ಲ, ರಾತ್ರಿ ಒಳಚಿಲಕ ಹಾಕಬೇಡಿರೆಂದು ನಾನೂ ಹೇಳಿರಲಿಲ್ಲ. ಇನ್ನೊಂದನ್ನೂ ಇಲ್ಲಿಯೇ ಹೇಳುವೆ. ಎಂಬತ್ತು ತುಂಬಿದವರಿಗೆ ಏಕಾದಶಿಯ ಉಪವಾಸದ ಕಡ್ಡಾಯವನ್ನು ಸ್ಮೃತಿಕಾರರೇ ಸಡಿಲಿಸಿದ್ದಾರೆ. ಮಧುಮೇಹದ ಗುಳಿಗೆ ನುಂಗುವವರು ವೈದ್ಯರನ್ನೂ ಗುರುಗಳನ್ನೂ ಕೇಳಿಯೇ ನಡೆಯಲಿ.

ವಯಸ್ಸು ಕರ್ತೃತ್ವಕ್ಕೆ ಅಡ್ಡಿಯೆನ್ನುವವರು ಉಡುಪಿಯನ್ನು ನೋಡಲಿ. ಪೇಜಾವರ ಮಠದ ಶ್ರೀ ವಿಶ್ವೇಶತೀರ್ಥ ಶ್ರೀಪಾದರು 2016ರ ಜನವರಿಯಲ್ಲಿ ತಮ್ಮ ಐದನೆಯ ಪರ್ಯಾಯವನ್ನು ಆರಂಭಿಸಿದಾಗ ಅವರಿಗೆ ಎಂಬತ್ತನಾಲ್ಕು ವರ್ಷ. ಯತಿಗಳ ತಪಸ್ಸು ನಮಗೆಲ್ಲಿಯದು ಎನ್ನಬಹುದು. ಆದರೆ ಅಷ್ಟು ವಯಸ್ಸಿನವರಿಗೆ ಅಷ್ಟು ಹೊಣೆಯೇ ಎಂದು ಅಂದು ಯಾರೂ ಆ ಪೂಜೆಯನ್ನು ಅವರ ಕೈಯಿಂದ ತೆಗೆದುಕೊಳ್ಳಲಿಲ್ಲವಷ್ಟೆ.

ಈ ಎಲ್ಲ ವಿಚಾರದಿಂದ ನಾವು ಕೆಲವರು ಸೇರಿ ಮಾಡಿದ ಏರ್ಪಾಡು ಬಹಳ ಸಣ್ಣದು. ಕದ್ರಿ, ಬಿಜೈ, ಮಣ್ಣಗುಡ್ಡೆ, ಕೊಡಿಯಾಲಬೈಲುಗಳಲ್ಲಿ ಒಂಟಿಯಾಗಿ ಇಲ್ಲವೇ ದಂಪತಿಗಳಾಗಿ ಇರುವ ಹಿರಿಯರ ಪಟ್ಟಿಯನ್ನು ಬೀದಿವಾರು ಬರೆದಿದ್ದೇವೆ. ಪ್ರತಿ ಬೆಳಗ್ಗೆ ಎಂಟು ಗಂಟೆಯೊಳಗೆ ಒಬ್ಬರು ಇನ್ನೊಬ್ಬರಿಗೆ ಫೋನು ಮಾಡುವುದು, ಅವರು ಮತ್ತೊಬ್ಬರಿಗೆ. ಉತ್ತರ ಬಾರದಿದ್ದರೆ ಸಮೀಪದ ಮನೆಯವರು ಹೋಗಿ ನೋಡುವುದು. ಫೋನು ಮಾಡುವವರೂ ಹಿರಿಯರೇ ಎಂಬುದನ್ನು ಗಮನಿಸಬೇಕು. ತರುಣರಿಗೆ ಈ ಕೆಲಸವನ್ನು ವಹಿಸಿ ನೋಡಿದೆವು, ಎರಡು ವಾರಕ್ಕೆ ನಿಂತಿತು. ಹಿರಿಯರು ಒಂದು ದಿನವೂ ತಪ್ಪಿಸಿಲ್ಲ. ಕರೆ ಎಂಟು ಗಂಟೆಗೆ ಬದಲು ಆರಕ್ಕೇ ಬರುವುದೊಂದೇ ದೂರು.

ಪ್ರದಕ್ಷಿಣೆಯ ಹಾದಿಯ ಮೆಟ್ಟಿಲುಗಳಿಗೆ ಕಂಬಿ ಹಾಕಿಸುವುದು, ಮಳೆಗಾಲದಲ್ಲಿ ಪಾಚಿ ಕಟ್ಟದಂತೆ ವಾರಕ್ಕೆರಡು ಬಾರಿ ಉಜ್ಜಿಸುವುದು, ನೆಲದಲ್ಲಿ ಕೂರಲಾಗದವರಿಗೆ ಪ್ರವಚನದ ಸಭೆಯಲ್ಲಿ ಹಿಂದಿನ ಸಾಲಿಗೆ ತಳ್ಳದೆ ಮುಂದೆಯೇ ಕುರ್ಚಿ ಇಡುವುದು, ಇವು ಖರ್ಚಿನ ವಿಷಯಗಳಲ್ಲ. ಪ್ರವಚನವನ್ನು ಏಳು ಗಂಟೆಯ ಬದಲು ನಾಲ್ಕೂವರೆಗೆ ಇಡಬೇಕೆಂಬ ಸಲಹೆಗೆ ಉದ್ಯೋಗಸ್ಥರ ವಿರೋಧವಿದೆ. ಅದು ಸಹಜವೇ. ಆದರೆ ಕತ್ತಲಾದ ಮೇಲೆ ಸಿಟಿ ಬಸ್ಸಿನ ಎತ್ತರದ ಮೆಟ್ಟಿಲು ಹತ್ತಲಾರದೆ ಎಷ್ಟು ಮಂದಿ ಹಿರಿಯರು ಬರುವುದನ್ನೇ ಬಿಟ್ಟಿದ್ದಾರೆಂಬುದನ್ನು ಅವರು ಲೆಕ್ಕಕ್ಕೆ ತಂದುಕೊಳ್ಳಬೇಕು. ಮಂಗಳವಾರಗಳಲ್ಲಾದರೂ ಬೇಗ ಇಡೋಣವೆಂದು ಸದ್ಯಕ್ಕೆ ತೀರ್ಮಾನವಾಗಿದೆ.

ತುಳು ಲಿಪಿಯನ್ನು ಸರಾಗವಾಗಿ ಓದಬಲ್ಲವರು ನಮ್ಮ ಪಟ್ಟಿಯಲ್ಲಿ ಇಬ್ಬರಿದ್ದಾರೆ. ಅಟ್ಟದ ಮೇಲೆ ತಾಳೆಗರಿಗಳನ್ನಿಟ್ಟುಕೊಂಡ ಮನೆಗಳು ಎಷ್ಟಿವೆಯೋ! ಶೋಭಾನೆಯ ಹಾಡುಗಳ ಹಳೆಯ ಧಾಟಿ ಬಲ್ಲ ತಾಯಂದಿರು ಆರು ಮಂದಿ. ಅವರನ್ನು ಕೇಳುವುದಕ್ಕೆ ಇದುವರೆಗೆ ಯಾರೂ ಹೋಗಿರಲಿಲ್ಲ, ಅಷ್ಟೆ.

ಒಂಬತ್ತು ಶಾಲುಗಳ ಆ ಹಿರಿಯರ ವಿಷಯವನ್ನು ಹೇಳದಿದ್ದರೆ ಲೇಖನ ಅಪೂರ್ಣವಾದೀತು. ಪಿಂಚಣಿದಾರರು ಪ್ರತಿ ವರ್ಷ ನವೆಂಬರದಲ್ಲಿ ತಾವು ಬದುಕಿರುವುದಕ್ಕೆ ಪ್ರಮಾಣಪತ್ರವನ್ನು ಕೊಡಬೇಕಾಗುವುದು. 2014ರಿಂದ ಅದನ್ನು ಯಂತ್ರದಲ್ಲಿ ಬೆರಳಚ್ಚು ಒತ್ತಿ ಮಾಡುವ ಅನುಕೂಲವಿದೆಯಾದರೂ, ವಯಸ್ಸಾದ ಬೆರಳುಗಳ ಗೆರೆ ಸವೆದು ಯಂತ್ರವು ಒಪ್ಪದಿರುವುದುಂಟು. ಅಂಥವರನ್ನು ಬ್ಯಾಂಕಿಗೆ ಕರೆದೊಯ್ಯುವುದು, ಫಾರಮು ತುಂಬಿಸುವುದು, ನಡೆಯಲಾರದವರ ಮನೆಗೆ ಅಧಿಕಾರಿಗಳನ್ನು ಬರಮಾಡಿಸುವುದು, ಇಷ್ಟು ಕೆಲಸವನ್ನು ಅವರಿಗೆ ಒಪ್ಪಿಸಿದೆವು. ಕೇಳಿದಾಗ ಅವರು ಕ್ಷಣ ಹೊತ್ತು ಮಾತಾಡಲಿಲ್ಲ. ಅನಂತರ, "ಬೆಳಕಿರುವಲ್ಲಿ ಒಂದು ಮೇಜು ಬೇಕು, ಒಂದು ರಿಜಿಸ್ಟರು ಬೇಕು, ನಡುವೆ ಬಂದು ಯಾರೂ ಸಲಹೆ ಕೊಡಬಾರದು" ಎಂದರು. ಮೂರಕ್ಕೂ ಒಪ್ಪಿದೆವು.

ಪಟ್ಟಿಯಲ್ಲಿ ಹೆಸರು ಬರೆಸಬೇಕಾದವರು, ಅಥವಾ ದೂರದಲ್ಲಿರುವ ಮಕ್ಕಳು ತಮ್ಮ ತಂದೆತಾಯಿಗಳ ಪರವಾಗಿ, ಬೆಳಗಿನ ಪೂಜೆಯ ಬಳಿಕ ದೇವಾಲಯದ ಕಛೇರಿಯಲ್ಲಿ ತಿಳಿಸಬಹುದು. ಹೆಸರಿನೊಡನೆ, ಮನೆಯ ಬೀಗದ ಇನ್ನೊಂದು ಕೈ ನೆರೆಯಲ್ಲಿ ಯಾರ ಬಳಿಯಿದೆ ಎಂಬುದನ್ನೂ ಬರೆಸಬೇಕು.