ಮೇಳದ ಧರ್ಮ

ಪುಷ್ಯ ಬಹುಳ ಪಂಚಮಿಯಂದು ತಿರುವೈಯಾರಿನಲ್ಲಿ, ಕಾವೇರಿಯ ತಡಿಯ ತ್ಯಾಗರಾಜರ ಸಮಾಧಿಯ ಮುಂದೆ, ನೂರಾರು ಮಂದಿ ವಿದ್ವಾಂಸರು ಸಾಲಾಗಿ ಕುಳಿತು ನಾಟ, ಗೌಳ, ಆರಭಿ, ವರಾಳಿ, ಶ್ರೀ ಎಂಬ ಐದು ಘನರಾಗಗಳ ಪಂಚರತ್ನಕೃತಿಗಳನ್ನು ಏಕಕಂಠದಿಂದ ಹಾಡುವಾಗ ಆ ಘೋಷದಲ್ಲಿ ಮೈಮರೆಯುವುದು ಸುಲಭ. ಕಿವಿಯನ್ನು ಕೊಂಚ ಎಚ್ಚರದಲ್ಲಿಟ್ಟವನಿಗಾದರೋ ಅಲ್ಲೊಂದು ತ್ಯಾಗವೂ ಕೇಳಿಸೀತು. ಒಬ್ಬೊಬ್ಬನೂ ತನ್ನ ಗುರುಪರಂಪರೆಯ ಪಾಠಾಂತರವನ್ನು, ಕಛೇರಿಯಲ್ಲಿ ತಾನು ಮೆರೆಸುವ ಸಂಗತಿಗಳನ್ನು, ತನಗೇ ವಿಶಿಷ್ಟವಾದ ಗಮಕದ ಬೆಡಗನ್ನು ಆ ಗಳಿಗೆಗೆ ಬದಿಗಿರಿಸಿ, ಆದಿತಾಳದ ಒಂದೇ ನಡೆಗೆ ತನ್ನ ಕಂಠವನ್ನು ಒಪ್ಪಿಸಿದಲ್ಲದೆ ಆ ಗಾನ ಕೂಡಿಬರದು.

ದೇವರಿಗೆ ಇಷ್ಟೆಲ್ಲ ಕಟ್ಟುಪಾಡು ಬೇಕೆ? ಬಸವಣ್ಣನವರು ತಾಳಮಾನಗಳ ಲೆಕ್ಕ ತಮಗೆ ತಿಳಿಯದೆಂದು ನಿಸ್ಸಂಕೋಚವಾಗಿ ಒಪ್ಪಿಕೊಂಡು ಒಲುಮೆಯೊಂದನ್ನೇ ನೆಚ್ಚಿದರು. ನಾದವಿದ್ಯೆಯ ಪಾರಂಗತರಾದ ತ್ಯಾಗರಾಜರೂ ಧನ್ಯಾಸಿಯ ಕೃತಿಯೊಂದರಲ್ಲಿ ಭಕ್ತಿಯಿಲ್ಲದ ಸಂಗೀತಜ್ಞಾನದಿಂದ ಸನ್ಮಾರ್ಗ ದೊರೆಯದೆಂದು ಸಾರಿದರು. ಈ ಮಾತುಗಳು ಸತ್ಯವೇ. ಆದರೆ ಏಕಾಂತದ ಹಾಡಿನಲ್ಲಿ ಇರುವವರು ಇಬ್ಬರೇ, ಭಕ್ತ ಮತ್ತು ದೇವ. ದೇವನು ಅಪಶ್ರುತಿಯನ್ನೂ ಮನ್ನಿಸಬಲ್ಲ. ಮೇಳದಲ್ಲಿ ಮೂರನೆಯವನೊಬ್ಬನುಂಟು, ಮಗ್ಗುಲಲ್ಲಿ ಕುಳಿತವನು. ನನ್ನ ಆವೇಶದಿಂದ ಲಯ ಓಡಿದರೆ ಕೆಡುವುದು ಅವನ ಧ್ಯಾನ. ಆದುದರಿಂದ ಲಯಶುದ್ಧಿಯೆಂಬುದು ಭಾವಕ್ಕೆ ಎದುರಾಳಿಯಲ್ಲ. ನೆರೆಯವನ ಭಾವಕ್ಕೆ ನಾನು ಸಲ್ಲಿಸುವ ಮರ್ಯಾದೆ.

ಹಾಗೆಂದು ನಿಯಮವು ಬಾಗಿಲು ಕಾಯುವ ದೊಣ್ಣೆಯಾಗಲಾಗದು. ಆ ಸಮಾಧಿಗೆ ತಮ್ಮ ಸಂಪತ್ತನ್ನು ಸುರಿದು ಗುಡಿ ಕಟ್ಟಿಸಿದವರು 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರು. ಅಲ್ಲಿಯ ಆರಾಧನೆಯಲ್ಲಿ ಹೆಂಗಸರ ಹಾಡಿಕೆಗೆ ಎಡೆಯಿಲ್ಲದಿದ್ದಾಗ ಸ್ತ್ರೀಯರದೇ ಗೋಷ್ಠಿಯನ್ನು ನಡೆಸಿದವರೂ ಅವರೇ. ಹೊರಗಿಟ್ಟು ಸಾಧಿಸಿದ ಒಮ್ಮತವು ಮೇಳವೆನಿಸದು.

ಶ್ರಾವಣದ ಒಂದು ಶನಿವಾರ ನಮ್ಮೂರ ಹನುಮಂತನ ಗುಡಿಯ ಭಜನೆಯಲ್ಲಿ ಕಂಡದ್ದು ನೆನಪಾಗುತ್ತದೆ. ವೃದ್ಧರೊಬ್ಬರು, ಕಣ್ಣು ತುಂಬಿ, ಕೈಯ ತಾಳವನ್ನು ಎಲ್ಲರಿಗಿಂತ ಅರ್ಧ ಪೆಟ್ಟು ಮೊದಲೇ ಹಾಕುತ್ತಿದ್ದರು; ಹಾರ್ಮೋನಿಯಂನವನು ಮುಖ ಸಿಂಡರಿಸಿದ, ಹುಡುಗರು ಒಬ್ಬರನ್ನೊಬ್ಬರು ತಿವಿದುಕೊಂಡು ನಕ್ಕರು. ಮುಂದಾಳಾಗಿ ಹೇಳಿಕೊಡುತ್ತಿದ್ದ ಹಿರಿಯರು ಮಾತ್ರ ಏನೂ ಆಡದೆ, ಕುಳಿತಲ್ಲಿಂದಲೇ ಸರಿದು ಮುದುಕರ ಎದುರಿಗೆ ಬಂದು, ತಮ್ಮ ತಾಳವನ್ನು ಅವರ ಮೊಣಕಾಲಿನ ಹತ್ತಿರ ಹಿಡಿದು ಬಿಡಿಬಿಡಿಯಾಗಿ ತಟ್ಟತೊಡಗಿದರು. ಎರಡು ಆವರ್ತ ಕಳೆಯುವಷ್ಟರಲ್ಲಿ ಮುದುಕರ ಕೈ ತಾನಾಗಿ ಕೂಡಿಕೊಂಡಿತು, ಕಣ್ಣೀರು ನಿಲ್ಲಲಿಲ್ಲ. ಮಂಗಳ ಹಾಡುವ ಹೊತ್ತಿಗೆ ನನಗೆ ಹೊಳೆಯಿತು: ಆ ಪದದ ಉತ್ತರಾರ್ಧದಲ್ಲಿ ಹಿರಿಯರು ಒಂದು ಸೊಲ್ಲನ್ನೂ ಹಾಡಿರಲಿಲ್ಲ, ಅವರ ದೃಷ್ಟಿಯೆಲ್ಲ ಮುದುಕರ ಕೈಯ ಮೇಲಿತ್ತು. ಅಂದಿನ ಭಜನೆಯಲ್ಲಿ ಅವರ ಪಾಲಿನ ಭಕ್ತಿ ಎಲ್ಲಿತ್ತೆಂದು ಯಾರಾದರೂ ಕೇಳಿದರೆ, ನಾನು ಆ ಮೌನವನ್ನೇ ತೋರಿಸಿಯೇನು.