ಹಂಗಿಲ್ಲದ ಮನೆ

ನಮ್ಮವರಿಗೆ ಹೃದಯದ ಆಪರೇಷನ್ ಆಗಬೇಕೆಂದು ಗೊತ್ತಾದಾಗ, ಆ ಆತಂಕದ ಜೊತೆಗೇ ನನಗೆ ಹತ್ತಿಕೊಂಡ ಇನ್ನೊಂದು ಚಿಂತೆ, ಬೆಂಗಳೂರಿನಲ್ಲಿ ಉಳಿಯುವುದೆಲ್ಲಿ ಎಂಬುದು. ಬನಶಂಕರಿಯಲ್ಲಿ ಚಿಕ್ಕಮ್ಮನ ಮನೆಯಿದೆ. ಆದರೆ ಅವರ ಸೊಸೆ ಬೆಳಿಗ್ಗೆ ಎಂಟಕ್ಕೇ ಕೆಲಸಕ್ಕೆ ಹೊರಡುವವಳು. ನಾವಿರಬೇಕಾದದ್ದು ನಲವತ್ತು ದಿನ. ಮಗಳು ಜಯನಗರದಲ್ಲಿ ಒಂದು ಸರ್ವೀಸ್ ಅಪಾರ್ಟ್‌ಮೆಂಟ್ ಗೊತ್ತುಮಾಡಿದಳು. ವಿಷಯ ತಿಳಿಸಿದಾಗ ಚಿಕ್ಕಮ್ಮ, "ನಿನ್ನಿಷ್ಟ ಕಣೇ" ಎಂದಷ್ಟೇ ಹೇಳಿ ಫೋನಿಟ್ಟರು.

2025ರ ಅಕ್ಟೋಬರ್ ತಿಂಗಳು ಅದು. ಮಲಗುವ ಕೋಣೆ, ಪುಟ್ಟ ಹಾಲು, ಗ್ಯಾಸ್ ಒಲೆ, ಎಣಿಸಿಟ್ಟ ನಾಲ್ಕು ತಟ್ಟೆ, ನಾಲ್ಕು ಲೋಟ. ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗದ ಮೆಟ್ರೋ ಹತ್ತಿದರೆ ರಾಗಿಗುಡ್ಡ ದಾಟಿ ಎರಡನೇ ನಿಲ್ದಾಣವೇ ಜಯದೇವ ಆಸ್ಪತ್ರೆ. ರಾತ್ರಿ ಬಂದು ಬಾಗಿಲು ಹಾಕಿಕೊಂಡರೆ ನಾನು ಅಳಬಹುದಿತ್ತು, ಉಣ್ಣದೇ ಮಲಗಬಹುದಿತ್ತು, ಕೇಳುವವರಿಲ್ಲ. ಯಾರ ಹಂಗೂ ಇಲ್ಲ ಎಂಬ ನೆಮ್ಮದಿ ಎಷ್ಟು ದೊಡ್ಡದೆಂದು ಆಗ ತಿಳಿಯಿತು.

ನಾನು ಚಿಕ್ಕವಳಿದ್ದಾಗ ಇದೇ ಜಯನಗರದಲ್ಲಿ ನಮ್ಮ ದೊಡ್ಡಪ್ಪನ ಮನೆಯಿತ್ತು. 1948ರಲ್ಲಿ ಶಂಕುಸ್ಥಾಪನೆಯಾದ ಈ ಬಡಾವಣೆಯಲ್ಲಿ ಆಗಿನ್ನೂ ಮನೆ ಮುಂದೆ ಮಲ್ಲಿಗೆ ಚಪ್ಪರಗಳಿದ್ದವು. ಪರೀಕ್ಷೆ, ಹೆಣ್ಣು ನೋಡುವುದು, ಆಸ್ಪತ್ರೆ, ಏನೇ ಇರಲಿ, ಊರಿನವರೆಲ್ಲ ಟ್ರಂಕು ಹೊತ್ತು ಬಂದು ಇಳಿಯುತ್ತಿದ್ದದ್ದು ಅಲ್ಲಿಗೇ. "ಎಂಥ ದೊಡ್ಡ ಮನಸ್ಸು!" ಎಂದು ದೊಡ್ಡಪ್ಪನನ್ನು ಎಲ್ಲರೂ ಹೊಗಳುತ್ತಿದ್ದರು. ದೊಡ್ಡಮ್ಮನ ಸೊಂಟನೋವನ್ನು ಕೇಳಿದವರನ್ನು ನಾನು ಕಾಣೆ. ಉಪಕಾರದ ಹೆಸರು ಯಜಮಾನನದು, ಒಲೆಯ ಮುಂದಿನ ಬೆವರು ಹೆಂಗಸಿನದು. ಚಿಕ್ಕಮ್ಮನ ಸೊಸೆಯ ಮೇಲೆ ಆ ಭಾರ ಹೊರಿಸಲಿಲ್ಲವಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಹಂಗಿಲ್ಲದ ಆಸರೆ ನಮ್ಮವರಿಗೆ ಹೊಸದೇನಲ್ಲ. ಗುಬ್ಬಿ ತೋಟದಪ್ಪನವರು 1903ರಲ್ಲಿ ಬೆಂಗಳೂರಿನ ರೈಲು ನಿಲ್ದಾಣದ ಬಳಿ ಛತ್ರ ಕಟ್ಟಿಸಿದ್ದು ಗುರುತು ಪರಿಚಯವಿಲ್ಲದ ಪ್ರಯಾಣಿಕರಿಗಾಗಿಯೇ. ಛತ್ರದಲ್ಲಿ ಕೊಟ್ಟವರ ಮುಖ ಕಾಣುವುದಿಲ್ಲ. ಇಲ್ಲಿ ದುಡ್ಡು ಕೊಟ್ಟೆನೆಂದು ಯಾರ ಮುಖವನ್ನೂ ನೋಡಬೇಕಿಲ್ಲ. ಎರಡೂ ಒಂದೇ ಅಲ್ಲವೇ ಎಂದುಕೊಂಡಿದ್ದೆ.

ಆದರೆ ಒಂದು ದಿನ ಹೀಗಾಯಿತು. ಕೋಣೆ ಗುಡಿಸಲು ಬರುತ್ತಿದ್ದ ಹುಡುಗಿ ರಾಯಚೂರು ಕಡೆಯವಳು. ನಮ್ಮವರು ಆಸ್ಪತ್ರೆಯಿಂದ ಬಂದ ಮೂರನೆಯ ದಿನ ಏನೂ ಸೇರದೆ ಮಲಗಿದ್ದರು. ಅವಳು ತಾನಾಗಿಯೇ ಪೊರಕೆ ಬದಿಗಿಟ್ಟು, ಕೈತೊಳೆದು, ತೆಳ್ಳಗೆ ಗಂಜಿ ಕಾಯಿಸಿ ಕೊಟ್ಟಳು. ಅವರು ಪೂರ್ತಿ ಕುಡಿದರು. ನನಗೆಷ್ಟು ಸಂತೋಷವಾಯಿತೆಂದರೆ, ತಕ್ಷಣ ನೂರು ರೂಪಾಯಿ ತೆಗೆದು ಅವಳ ಕೈಗಿಟ್ಟೆ. ಅವಳ ಮುಖ ಸಣ್ಣದಾಯಿತು. "ರೊಕ್ಕಕ್ಕ ಮಾಡಿಲ್ರೀ ಅಕ್ಕಾರ" ಎಂದು ನೋಟನ್ನು ಮೇಜಿನ ಮೇಲಿಟ್ಟು ಹೋದಳು.

ಆ ನೋಟು ಸಂಜೆಯವರೆಗೂ ಅಲ್ಲೇ ಇತ್ತು. ದುಡಿಮೆಗೆ ಕೂಲಿ ಕೊಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವಳು ಕೊಟ್ಟದ್ದು ದುಡಿಮೆಯನ್ನಲ್ಲ. ಹಂಗಿಗೆ ಹೆದರಿ ನಾನು ಅದಕ್ಕೂ ಬೆಲೆ ಕಟ್ಟಿ, ಲೆಕ್ಕ ಚುಕ್ತಾ ಮಾಡಲು ಹೊರಟಿದ್ದೆ. ಇನ್ನೊಬ್ಬರ ಮೇಲೆ ಭಾರ ಹಾಕದಿರುವುದು ಒಳ್ಳೆಯತನ, ನಿಜ. ಆದರೆ ಅವರಾಗಿಯೇ ಕೊಟ್ಟದ್ದನ್ನೂ ಒಲ್ಲೆ ಎನ್ನುವುದು? ಅದರಲ್ಲಿ ಸ್ವಾಭಿಮಾನ ಎಷ್ಟು, ಅಹಂಕಾರ ಎಷ್ಟು? ಯಾರಿಂದಲೂ ಏನನ್ನೂ ಪಡೆಯದವಳು, ಉಳಿದವರೆಲ್ಲ ಕೊಡಲಾರದಷ್ಟು ಬಡವರೆಂದು ಹೇಳಿದಂತಾಗುವುದಿಲ್ಲವೇ?

ಮಾರನೆಯ ದಿನ ಅವಳು ಬಂದಾಗ, "ನಿನ್ನೆಯ ಗಂಜಿ ತುಂಬಾ ರುಚಿಯಾಗಿತ್ತಮ್ಮಾ, ಇವತ್ತೂ ಮಾಡಿಕೊಡ್ತೀಯಾ?" ಎಂದು ಕೇಳಿದೆ. ಕೇಳುವುದು ಅಷ್ಟು ಕಷ್ಟವೆಂದು ನನಗೆ ತಿಳಿದಿರಲಿಲ್ಲ. ಅವಳು ನಕ್ಕಳು.

ಆ ಭಾನುವಾರ ಚಿಕ್ಕಮ್ಮ ಸೊಸೆಯೊಡನೆ ಬಂದರು. ಕೈಯಲ್ಲಿ ಸ್ಟೀಲಿನ ಕ್ಯಾರಿಯರ್. ಉಪ್ಪು ಕಡಿಮೆ ಹಾಕಿದ ತಿಳಿಸಾರು, ಪಡವಲಕಾಯಿ ಪಲ್ಯ. "ಯಾಕೆ ತೊಂದರೆ ತಗೊಂಡ್ರಿ ಚಿಕ್ಕಮ್ಮಾ?" ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ತಟ್ಟೆ ಹಾಕಿದೆ.

ಹೊರಡುವ ಗಡಿಬಿಡಿಯಲ್ಲಿ ಆ ಕ್ಯಾರಿಯರ್ ನಮ್ಮ ಸಾಮಾನಿನ ಜೊತೆ ಊರಿಗೇ ಬಂದುಬಿಟ್ಟಿದೆ. ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು ಎನ್ನುತ್ತಿದ್ದರು ನಮ್ಮಮ್ಮ. ಹಲಸಿನ ಕಾಲ ಬರಲಿ, ಹಪ್ಪಳ ತುಂಬಿಕೊಂಡು ಬನಶಂಕರಿಗೆ ಹೋಗಬೇಕು. ಒಂದೆರಡು ದಿನ ಅಲ್ಲೇ ಉಳಿಯಬೇಕು. ಸೊಸೆಯ ಅಡುಗೆಮನೆಯನ್ನು ಆ ಎರಡು ದಿನ ನಾನು ನೋಡಿಕೊಂಡರಾಯಿತು.